ಒಂದು ಕಣ್ಣು ತೆರೆದು ಪ್ರಾರ್ಥಿಸುತ್ತಿದ್ದ ಅತ್ತೆ

ನನ್ನ ಮೊಮ್ಮಗಳಿಗೆ ಕಿವಿ ಕೇಳಿಸಿತು! ಇವತ್ತು ಮಧ್ಯಾಹ್ನ ನಾನು ಅಡುಗೆಮನೆಯಿಂದ "ಚಿನ್ನೀ" ಅಂದೆ. ಹೊರಗಿನ ಕೋಣೆಯಲ್ಲಿ ಆಡುತ್ತಿದ್ದ ಕೂಸು ಕೈಯಲ್ಲಿದ್ದ ಚಮಚ ಬಿಟ್ಟು, ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿತು. ಹುಟ್ಟಿದಾಗಿನಿಂದ ಏನೂ ಕೇಳಿಸದ ಕೂಸು. ಆಪರೇಷನ್ ಮಾಡಿ, ಕಿವಿಯ ಹಿಂದೆ ಗುಂಡಿಯಂಥದೊಂದು ಯಂತ್ರ ಅಂಟಿಸಿ, ಮೊನ್ನೆಯಷ್ಟೇ ಅದನ್ನು ಚಾಲೂ ಮಾಡಿದ್ದಾರೆ. ಸೊಸೆ ತಮಿಳಿನವಳು. "ಅತ್ತೈ! ತಿರುಂಬಿಟ್ಟಾ ಅತ್ತೈ! ಪಾತ್ತೀಂಗಳಾ?" ಎಂದು, ತಿರುಗಿಬಿಟ್ಟಳು ನೋಡಿದಿರಾ ಎಂದು, ಕೂಗಿಕೊಂಡು ಬಂದು ನನ್ನನ್ನು ತಬ್ಬಿದಳು. ನನ್ನ ಕೈಯೆಲ್ಲ ಹಿಟ್ಟು, ಅವಳ ಬೆನ್ನೆಲ್ಲ ಹಿಟ್ಟು.

ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಾಗಿಲ ಮರೆಯಿಂದ ಕರೆಯುತ್ತೇನೆ, ಬೆನ್ನ ಹಿಂದಿನಿಂದ ಕರೆಯುತ್ತೇನೆ. ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. "ಅಮ್ಮಾ, ಕೂಸಿಗೆ ದಣಿವಾಗತದ, ಸುಮ್ನ ಕೂಡು ಮಾ" ಎಂದು ಮಗ ಗದರಿದ. ಸುಮ್ಮನೆ ಕೂರಲಿಕ್ಕೆಂದೇ ಇದನ್ನು ಬರೆಯಲು ತೆಗೆದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ತಪ್ಪಿದ್ದರೆ ಓದುವವರು ನುಂಗಿಕೊಳ್ಳಬೇಕು. ಈ ಸಂತೋಷವನ್ನು ಹೇಳಿಕೊಳ್ಳಬೇಕಾದವರು ಒಬ್ಬರಿದ್ದರು, ನನ್ನ ಅತ್ತೆ. ಹೋದ ವರ್ಷ ತೀರಿಕೊಂಡರು.

ಅತ್ತೆ ಗದಗ ಕಡೆಯ ಕ್ರೈಸ್ತ ನೇಕಾರರ ಮನೆಯವರು. ತಮಿಳು ಸೀಮೆಯ ತಾಂಬರಕ್ಕೆ ಬಂದು ನಲವತ್ತು ಚಿಲ್ಲರೆ ವರ್ಷವಾದರೂ ತರಕಾರಿಯವನ ಹತ್ತಿರ ಗದಗಿನ ಮಾತನ್ನೇ ಆಡುತ್ತಿದ್ದರು, ಅವನೂ ಅದನ್ನೇ ಕಲಿತ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ನಿಂತು ಪ್ರಾರ್ಥನೆ ಮಾಡುವರು. ಬಲಗಣ್ಣು ಮುಚ್ಚಿರುತ್ತಿತ್ತು, ಎಡಗಣ್ಣು ತೆರೆದಿರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ನಾನು, "ಅತ್ತಿಯವರ, ಪ್ರಾರ್ಥನಾ ಮಾಡೂವಾಗ ಎರಡೂ ಕಣ್ಣು ಮುಚ್ಚಬೇಕಲ್ರಿ?" ಎಂದೆ.

"ದೇವರನ್ನ ನಂಬೀನಿ. ಹಾಲನ್ನ ಹ್ಯಾಂಗ ನಂಬಲಿ?" ಎಂದರು.

ಎಲ್ಲದಕ್ಕೂ ಅವರದು ಒಂದೇ ಪ್ರಶ್ನೆ. ಸಾರಿಗೆ ಉಪ್ಪು ಹಾಕಿದ್ದೇನೆ ಅಂದರೆ, "ಗೊತ್ತದೋ, ನಂಬೀಯೋ?" ಅನ್ನುವರು. ನನಗೆ ರೇಗಿ ಹೋಗುತ್ತಿತ್ತು. ಒಂದು ಚಮಚ ಸಾರು ಬಾಯಿಗೆ ಬಿಟ್ಟುಕೊಂಡು, "ಈಗ ಗೊತ್ತಾತು" ಎಂದು ಹೋಗಿಬಿಡುವರು.

ನಮ್ಮ ಚರ್ಚಿನ ಕನ್ನಡ ಸಭೆಯಲ್ಲಿ ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಟ ನಡೆಯುತ್ತದೆ. ಹಾಡಾದ ಮೇಲೆ ಎದ್ದು ನಿಂತು, ದೇವರು ತಮಗೆ ಮಾಡಿದ ಉಪಕಾರ ಹೇಳುವುದು ಪದ್ಧತಿ. ಅದಕ್ಕೆ ಸಾಕ್ಷಿ ಹೇಳುವುದು ಅನ್ನುತ್ತೇವೆ. ಕಾಲುನೋವು ಹೋಯಿತು, ಮಗಳಿಗೆ ಗಂಡು ಸಿಕ್ಕಿತು, ಒಬ್ಬೊಬ್ಬರದು ಒಂದೊಂದು. ಅತ್ತೆ ಮಾತ್ರ ಎದ್ದವರಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ಸಾಕ್ಷಿ ಅಂದ್ರ ಕಣ್ಣಾರೆ ಕಂಡವರು ಹೇಳೂದು. ನಾ ಇನ್ನೂ ನಂಬಾಕತ್ತೀನಿ, ಕಂಡ ಮ್ಯಾಲೆ ಹೇಳತೀನಿ" ಅನ್ನುವರು. ಮುದುಕಿಗೆ ವಿಶ್ವಾಸ ಕಡಿಮೆ ಎಂದು ಕೆಲವರು ಬೆನ್ನ ಹಿಂದೆ ಆಡಿಕೊಂಡರು. ನನಗೂ ಹಾಗೇ ಅನ್ನಿಸುತ್ತಿತ್ತು.

ಕೂಸಿಗೆ ಒಂಬತ್ತು ತಿಂಗಳಾದಾಗ ಕಿವಿಯ ಸಂಶಯ ಬಂತು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ದಿನ ಗೊತ್ತಾಗಿತ್ತು. ಅದಕ್ಕೆ ಮೂರು ದಿನ ಮುಂಚೆ ನಮ್ಮ ಮನೆಯಲ್ಲೇ ಕೂಟ. ಬೇರೆ ಊರಿನಿಂದ ಉಪದೇಶ ಮಾಡಲು ಒಬ್ಬ ಪ್ರಸಂಗಿ ಬಂದಿದ್ದರು, ಒಳ್ಳೆಯ ಮನುಷ್ಯ. ಕೂಸನ್ನು ಚಾಪೆಯ ಮೇಲೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟು ಅತ್ತು ಅತ್ತು ಪ್ರಾರ್ಥಿಸಿದರು. ಎಲ್ಲರೂ ಎದ್ದು ನಿಂತು ಕಾಲು ಕುಟ್ಟುತ್ತ ಸ್ತೋತ್ರ ಸ್ತೋತ್ರ ಅನ್ನುತ್ತಿದ್ದರು. ಆಮೇಲೆ ಅವರು ಧಡಧಡ ಹೆಜ್ಜೆಯಿಟ್ಟು ಕೂಸಿನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ಹೊಡೆದರು. ಕೂಸು ತಿರುಗಿತು!

ಮನೆ ಎದ್ದು ಕುಣಿಯಿತು. ಶೋಳಿಂಗನಲ್ಲೂರಿನಲ್ಲಿ ಆಫೀಸುಗಳಿಗೆ ಕ್ಯಾಬ್ ಓಡಿಸುವ ನನ್ನ ಮಗ, ಎಂದೂ ಅಳದವನು, ನೆಲಕ್ಕೆ ಹಣೆ ಹಚ್ಚಿ ಅತ್ತ. "ಕಿವಿ ತೆರೆದಿದೆ. ಇನ್ನು ಪರೀಕ್ಷೆಗೆ ಹೋಗುವುದೆಂದರೆ ದೇವರ ಮೇಲೆ ಸಂಶಯ ಪಟ್ಟ ಹಾಗೆ" ಎಂದರು ಪ್ರಸಂಗಿ. ಮಗ ತಲೆಯಾಡಿಸಿದ. ಭಾನುವಾರ ಸಭೆಯಲ್ಲಿ ಅವನೇ ಸಾಕ್ಷಿ ಹೇಳುವುದೆಂದೂ ಆಯಿತು.

ಅಷ್ಟು ಹೊತ್ತು ಮಂಚದ ಮೇಲೆ ಕೂತಿದ್ದ ಅತ್ತೆ, "ಕೂಸನ್ನ ಇಲ್ಲಿ ಕೊಡ್ರಿ" ಎಂದರು. ಹಾಸಿಗೆಯ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು, "ನೀ ಹಿಂದ ಹೋಗಿ ಪರಾತ ಬಡಿ" ಎಂದು ಹಿಟ್ಟು ನಾದುವ ದೊಡ್ಡ ತಟ್ಟೆಯನ್ನು ತೋರಿಸಿ ನನಗೆ ಹೇಳಿದರು. ಬಡಿದೆ. ಪಕ್ಕದ ಮನೆಯವರು ಇಣುಕಿ ನೋಡಿದರು, ಕೂಸು ನೋಡಲಿಲ್ಲ. ಮತ್ತೆ ಬಡಿದೆ. ಇಲ್ಲ. ಆಮೇಲೆ ಅತ್ತೆ ಕೂಸನ್ನು ನೆಲಕ್ಕಿಳಿಸಿ, ಹಿಂದಿನಿಂದ ಹಿಮ್ಮಡಿಯಲ್ಲಿ ನೆಲಕ್ಕೆ ಮೆಲ್ಲಗೆ ಗುದ್ದಿದರು. ಕೂಸು ಥಟ್ಟನೆ ತಿರುಗಿ ನಕ್ಕಿತು.

"ಕಿವಿಲೆ ಅಲ್ಲವ್ವಾ, ಕುಂಡಿಲೆ ಕೇಳೇತಿ ಕೂಸು."

ಪ್ರಸಂಗಿಯ ಮುಖ ಸಣ್ಣದಾಯಿತು. ಮಗ ಸಿಟ್ಟಿನಿಂದ ಎದ್ದು ನಿಂತ. "ಅಜ್ಜೀ, ಎಲ್ಲಾರೂ ನಂಬ್ಯಾರ, ನಿನಗೊಬ್ಬಾಕಿಗೇ ಯಾಕ ಆಗವಲ್ದು?"

"ನಂಬಬ್ಯಾಡ ಅಂದ್ನೇನೋ? ನಾನೂ ನಂಬೀನಿ. ಇವತ್ತು ಮುಂಜಾನಿನೂ ಬೇಡಿಕೊಂಡೀನಿ. ಆದ್ರ ಗೊತ್ತಿಲ್ಲದ್ದನ್ನ ಗೊತ್ತದ ಅಂತ ದೇವರ ಮುಂದ ಹೇಳಬಾರದಪಾ. ಖರೇ ನಂಬಿದವ ಡಾಕ್ಟರ್ ಹತ್ರ ಹೋಗಾಕ ಯಾಕ ಹೆದರತಾನ?"

ಮಗ ಎರಡು ದಿನ ಅಜ್ಜಿಯ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಕೂಸನ್ನೂ ಹೆಂಡತಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದ. ಕೂಸಿಗೆ ಏನೇನೂ ಕೇಳಿಸುವುದಿಲ್ಲವೆಂದೂ, ತಡಮಾಡಿದಷ್ಟೂ ಮಾತು ಕಲಿಯುವುದು ಕಷ್ಟವಾಗುತ್ತದೆಂದೂ ಡಾಕ್ಟರು ಹೇಳಿದರು. ಆ ಸಾಯಂಕಾಲ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಮ್ಮ ಮಾತೇ ನಿಜವಾಯಿತೆಂದು ಹಿಗ್ಗಿಯಾರು ಅಂದುಕೊಂಡಿದ್ದೆ. ಹತ್ತಿರ ಹೋದರೆ ದಿಂಬು ಒದ್ದೆ. "ನಂದು ತಪ್ಪಾಗಲಿ ಅಂತನ ಬೇಡಿಕೊಂಡಿದ್ನೆ ನಮ್ಮವ್ವಾ" ಎಂದರು.

ಆಪರೇಷನ್ನಿಗೆ ಇನ್ನೂ ಕೆಲವು ತಿಂಗಳಿರುವಾಗಲೇ ಅತ್ತೆ ಹಾಸಿಗೆ ಹಿಡಿದರು. ಕಡೆಯ ದಿನ ಪಾಸ್ಟರ್ ಬಂದು, ಧೈರ್ಯ ತುಂಬಲೆಂದು, "ಅಜ್ಜೀ, ಎಲ್ಲಿಗೆ ಹೋಗುತ್ತೀರಿ ಅಂತ ನಿಮಗೆ ಗೊತ್ತಲ್ಲವಾ?" ಎಂದು ಕೇಳಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಈ ಹೊತ್ತಿನಲ್ಲಾದರೂ ಹೂಂ ಅನ್ನಲಿ ಸ್ವಾಮೀ ಅಂದುಕೊಂಡೆ.

"ಇಲ್ರೀ, ಗೊತ್ತಿಲ್ಲ" ಎಂದರು ಅತ್ತೆ. ಉಸಿರು ಎಳೆದುಕೊಂಡು, "ನಂಬೀನಿ. ಇನ್ನ ಸ್ವಲ್ಪ ಹೊತ್ತಿನಾಗ ಗೊತ್ತಾಗತದ" ಎಂದರು. ಮುಖದಲ್ಲಿ ಭಯವೇ ಇರಲಿಲ್ಲ. ಬಲ್ಲೆ ಬಲ್ಲೆ ಅನ್ನುವ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಗೊತ್ತಿಲ್ಲ ಅಂದು ಇಷ್ಟು ನಿರಾಳವಾಗಿ ಹೊರಟವರನ್ನು ಇನ್ನೊಬ್ಬರನ್ನು ಕಂಡಿಲ್ಲ.

ಇಷ್ಟು ಬರೆದು ಎದ್ದೆ. ಕುಕ್ಕರ್ ಕೂಗಿತು, ಕೂಸು ಬೆದರಿ ಅತ್ತಿತು, ಅದಕ್ಕೂ ನಾವು ಕುಣಿದೆವು. ಆದರೆ ನನ್ನ ಮನಸ್ಸು ನಿಲ್ಲದು. ಕೇಳಿಸುವುದು ಬೇರೆ, ತಿಳಿಯುವುದು ಬೇರೆ, ಮಾತು ಬರಲು ಬಹಳ ಕಾಲ ಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಯೇ ಕಳಿಸಿದ್ದಾರೆ. ಮಧ್ಯಾಹ್ನ ಅದು ತನ್ನನ್ನು ಕರೆದರೆಂದು ತಿರುಗಿತೋ, ಎಲ್ಲಿಯದೋ ಸದ್ದು ಎಂದು ತಿರುಗಿತೋ? ಇದು ಅಜ್ಜಿಯ ದನಿ ಎಂದು ಅದಕ್ಕೆ ಯಾವಾಗ ತಿಳಿದೀತು?

ರಾತ್ರಿ ಎಲ್ಲರೂ ನೆಲದ ಮೇಲೆ ಊಟಕ್ಕೆ ಕೂತೆವು. ಪ್ರಾರ್ಥನೆ ನೀನೇ ಮಾಡು ಎಂದರು ನಮ್ಮ ಯಜಮಾನರು. "ಸ್ವಾಮೀ, ಕೂಸಿಗೆ ಸದ್ದು ಕೇಳತದ, ಇದು ಗೊತ್ತದ, ನಾನೇ ಸಾಕ್ಷಿ. ಮುಂದ ಮಾತಾಡತಾಳ, ನನ್ನನ್ನ ಅಜ್ಜಿ ಅಂತ ಕರೀತಾಳ, ಇದನ್ನ ನಂಬೀನಿ" ಎಂದಷ್ಟೇ ಹೇಳಿದೆ. ಮಗ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ.

ಆಮೇಲೆ ಅವನು ಹಪ್ಪಳ ಮುರಿದು ಕಟಂ ಎಂದು ಕಚ್ಚಿದ. ಕೂಸು ಬೆಚ್ಚಿ ಅವನ ಬಾಯಿ ನೋಡಿತು. ಸೊಸೆ ಕಚ್ಚಿದಳು, ಅವಳ ಬಾಯಿ ನೋಡಿತು. ನಮ್ಮವರು ಕಚ್ಚಿದರು. ಕೂಸು ಕೈಚಾಚಿ ಒಂದು ತುಂಡು ಕಿತ್ತುಕೊಂಡು, ಎದ್ದು ಬಂದು ನನ್ನ ಬಾಯಿಗೆ ತುರುಕಿ, ಕಣ್ಣರಳಿಸಿ ಕಾಯುತ್ತ ನಿಂತಿತು.