ಆಯಿಯ ‘ರೀ’

ನಮ್ಮ ಮನೆಯಲ್ಲಿ ಮರ್ಯಾದೆ ಸಿಕ್ಕರೆ ಎಲ್ಲರೂ ನಡುಗುತ್ತಿದ್ದೆವು. ಆಯಿ, ಅಂದರೆ ನಮ್ಮಜ್ಜಿ, ತೊಂಬತ್ತು ದಾಟಿದವಳು, ಮೆಚ್ಚಿದವರನ್ನೆಲ್ಲ ಏಕವಚನದಲ್ಲೇ ಬೈಯುತ್ತಿದ್ದಳು. “ಎಲ್ಲಿ ಸತ್ತಿದ್ದಿ ಇಷ್ಟೊತ್ತನಕ? ಬಾ, ಉಣ್ಣು” ಎಂದರೆ ಅದು ಪ್ರೀತಿ. “ಬರ್ರಿ, ಕೂಡ್ರಿ” ಎಂದಳೋ, ನಮ್ಮಿಂದ ಏನೋ ತಪ್ಪಾಗಿದೆ ಎಂದೇ ಅರ್ಥ. ತನ್ನನ್ನು ಕೇಳದೆ ಎಮ್ಮೆ ಮಾರಿದ್ದಕ್ಕೆ ನನ್ನ ಅಪ್ಪನಿಗೆ ಮೂರು ತಿಂಗಳು ‘ರೀ’ ಶಿಕ್ಷೆಯಾಗಿತ್ತು.

ಹೋದ ವರ್ಷ ಅಂಬೇವಾಡಿಯ ನಮ್ಮ ಮನೆಯಲ್ಲಿ ಆಯಿ ಇದ್ದಕ್ಕಿದ್ದಂತೆ ಎಲ್ಲರಿಗೂ ‘ರೀ’ ಹಚ್ಚತೊಡಗಿದಳು. ಅಷ್ಟು ಮರ್ಯಾದೆ ನಮಗ್ಯಾರಿಗೂ ಬೇಕಾಗಿರಲಿಲ್ಲ. ಅಪ್ಪ ಹಳೆಯ ಎಮ್ಮೆಯ ವಿಷಯ ತೆಗೆದು ಮತ್ತೊಮ್ಮೆ ಕ್ಷಮೆ ಕೇಳಿದ. ಆಯಿಯ ಮಗಳು, ಹಳಿಯಾಳದ ಅತ್ತೆ, ಬಸ್ಸು ಹಿಡಿದು ಬಂದು, ಮದುವೆಯಾದ ಹೊಸತರಲ್ಲಿ ಇಲ್ಲಿಂದ ಕದ್ದೊಯ್ದಿದ್ದ ತಾಮ್ರದ ತಂಬಿಗೆಯನ್ನು ಆಯಿಯ ಮುಂದಿಟ್ಟು ಅತ್ತಳು.

“ಛಲೋ ಐತ್ರಿ ತಂಬಿಗಿ, ಎಲ್ಲಿ ತಗೊಂಡ್ರಿ?” ಎಂದಳು ಆಯಿ.

ಆಗಲೇ ನಮಗೆ ತಿಳಿದದ್ದು: ಅವಳಿಗೆ ಸಿಟ್ಟು ಬಂದಿರಲಿಲ್ಲ, ನಾವು ಯಾರೆಂಬುದೇ ಮರೆತುಹೋಗಿತ್ತು. ಗುರುತಿಲ್ಲದವರಿಗೆ ಮರ್ಯಾದೆ ಕೊಡಬೇಕೆಂಬುದು ಮಾತ್ರ ನೆನಪಿತ್ತು.

ಅವಳ ಕೊನೆಯ ವಾರದ ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತಿದ್ದೆ. “ಎಲ್ಲಿ ಸತ್ತಿದ್ದಿ ಇಷ್ಟೊತ್ತನಕ? ಬಾ ಇಲ್ಲೆ!” ಎಂಬ ಗದರಿಕೆ ಕೇಳಿಸಿತು. ಕಣ್ಣೊರೆಸಿಕೊಳ್ಳುತ್ತ ಓಡಿದೆ. ಅಷ್ಟರಲ್ಲಿ ನನ್ನ ಹಿಂದಿದ್ದ ಬೆಕ್ಕು ಕಾಲಸಂದಿಯಿಂದ ನುಸುಳಿ ಅವಳ ಮಡಿಲೇರಿತ್ತು.

“ನೀವೂ ಕೂಡ್ರಿ” ಎಂದಳು ನನಗೆ, ತುಂಬು ಮರ್ಯಾದೆಯಿಂದ.