ಎದುರು ಬರುವವರ ಕಣ್ಣು ಕಾಯುವ ರುಕ್ಸಾನಾ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಸೂಳೆಕೆರೆ ಕಡೆಯಿಂದ ಬಂದ ಮಂಜು ಕೆರೆಬಿಳಚಿಯ ಈ ಬೀದಿಯಲ್ಲಿ ಕರೆಂಟು ಕಂಬಗಳ ಮೇಲಿನ ಅರ್ಧವನ್ನು ಅಳಿಸಿಹಾಕಿದೆ. ಒಂದು ಮನೆಯ ಅಂಗಳದಲ್ಲಿ ಬಿಳಿ ಪಿಕಪ್ ಗಾಡಿ ನಿಂತಿದೆ. ಅದರ ಬಂಪರ್ ಕೆಳಗಿನಿಂದ ಎರಡು ಪಾದ ಹೊರಚಾಚಿವೆ. ಒಂದಕ್ಕೆ ಕಾಲುಚೀಲ ಇದೆ, ಇನ್ನೊಂದಕ್ಕೆ ಇಲ್ಲ.

"ಅದಲ್ಲ ರೀ, ಸಣ್ಣ ಪಾನಾ ಕೊಡ್ರಿ," ಎನ್ನುತ್ತದೆ ಗಾಡಿಯ ಅಡಿಯಿಂದ ಬರುವ ದನಿ.

ಬೋಲ್ಟು ಬಿಗಿಯುವ ಆ ಪಾನಾ ಕೊಡುವವರು ಗಂಡ ಸುಹೈಲ್. ಗಾಡಿಯ ಅಡಿಯಲ್ಲಿ ಹಳೇ ಕೌದಿಯ ಮೇಲೆ ಮಲಗಿರುವವರು ರುಕ್ಸಾನಾ. ಪಿಕಪ್ ಗಾಡಿಗಳ ಹಳೆಯ, ಮಂಕಾದ ಫಾಗ್ ಲೈಟ್ ಬಿಚ್ಚಿ ಹೊಸದನ್ನು ಕೂರಿಸುವುದು ಅವರ ಕೆಲಸ. ಅಂಗಡಿಯಿಲ್ಲ, ಬೋರ್ಡಿಲ್ಲ. ಗಾಡಿ ನಿಲ್ಲಿಸಲು ಈ ಅಂಗಳ, ಬೆಳಕು ಬಿಟ್ಟು ನೋಡಲು ಎದುರಿನ ನೇರ ಬೀದಿ.

"ವೈರ್ ಎಳಿಯಾಕೆ ಹಗಲು ಸಾಕು," ಎನ್ನುತ್ತಾ ಅವರು ಹೊರಗೆ ತೆವಳಿ ಬರುತ್ತಾರೆ. "ಲೈಟಿನ ಮುಖ ಕೂರ್ಸಾಕೆ ಮಾತ್ರ ಈ ಹೊತ್ತೇ ಬೇಕು. ಮಂಜು ಇದ್ದಾಗ್ಲೇ ಅದರ ಬಣ್ಣ ಗೊತ್ತಾಗೋದು."

ಇವತ್ತಿನ ಗಾಡಿ ಸಾಸ್ವೆಹಳ್ಳಿಯ ಮಾಲತೇಶ್ ಅವರದು. ಸುತ್ತಿನ ಹಳ್ಳಿಗಳ ಬದನೆ, ಹೀರೆಕಾಯಿಯನ್ನು ಬೆಳಗಿನ ಜಾವ ಚನ್ನಗಿರಿ ಮಾರುಕಟ್ಟೆಗೆ ಒಯ್ಯುವವರು. ಕಳೆದ ವಾರ ಮನೆಯಲ್ಲೇ, ತಾವೇ ಹೊಸ ಫಾಗ್ ಲೈಟ್ ಹಾಕಿಕೊಂಡರು. ಖಾಲಿ ಗಾಡಿಯಲ್ಲಿ ಬೆಳಕು ಚೆನ್ನಾಗಿ ನೆಲಕ್ಕೇ ಬೀಳುತ್ತಿತ್ತು. ಮಾರನೇ ದಿನ ತರಕಾರಿ ತುಂಬಿದಾಗ ಗಾಡಿಯ ಹಿಂಭಾಗ ಕುಗ್ಗಿತು, ಮೂತಿ ಮೇಲೆದ್ದಿತು, ಬೆಳಕು ಎದುರು ಬಂದ ಹಾಲಿನ ವ್ಯಾನಿನವರ ಕಣ್ಣಿಗೆ ಹೊಡೆಯಿತು. ವ್ಯಾನು ನೇರ ಇವರತ್ತಲೇ ಬಂತು. ತಪ್ಪಿಸಲು ಹೋಗಿ ಮಾಲತೇಶ್ ಅವರ ಮುಂದಿನ ಚಕ್ರ ನಾಲೆಯ ಏರಿಯಿಂದ ಆಚೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೆಂಡತಿ ಮಾಲಾ ಅಂದಿನಿಂದ ಗಾಡಿ ತೆಗೆಯಲು ಬಿಟ್ಟಿಲ್ಲ. ತರಕಾರಿ ಬೆಳೆಯುವವರು ಸದ್ಯಕ್ಕೆ ಬೇರೆ ಗಾಡಿ ಹಿಡಿದಿದ್ದಾರೆ. ಇನ್ನೂ ನಾಲ್ಕು ದಿನ ಹೀಗೇ ಆದರೆ ಆ ಬಾಡಿಗೆ ಮತ್ತೆ ಮಾಲತೇಶ್ ಕೈಗೆ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತು. ನಿನ್ನೆ ಸಂಜೆ ಜೊತೆಯಾಗಿಯೇ ಬಂದು, ಇದೇ ಊರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಈಗ ಅಂಗಳದಲ್ಲಿ ನಿಂತಿದ್ದಾರೆ.

"ಲೈಟು ಸರಿ ಐತೆ ಅಂತ ಇವ್ರು ಹೇಳಿದ್ರೆ ನಾನು ನಂಬಲ್ಲಕ್ಕ," ಎನ್ನುತ್ತಾರೆ ಮಾಲಾ. "ಅವತ್ತೂ ಹಿಂಗೇ ಹೇಳಿದ್ರು."

"ಯಾರೂ ನಂಬೋದು ಬ್ಯಾಡ. ನೋಡೋಣ," ಎನ್ನುತ್ತಾರೆ ರುಕ್ಸಾನಾ.

ಅವರು ಖಾಲಿ ಗಾಡಿಗೆ ಲೈಟು ಕೂರಿಸುವುದಿಲ್ಲ. ಅಂಗಳದ ಮೂಲೆಯಲ್ಲಿ ಮರಳಿನ ಚೀಲಗಳಿವೆ, ಗಾಡಿಯವರು ದಿನವೂ ಹೊರುವಷ್ಟೇ ತೂಕವನ್ನು ಮೊದಲು ಹೇರಬೇಕು. ಲೈಟು ಕೂರಿಸಿದ ಮೇಲೆ ಗಾಡಿಯ ಯಜಮಾನ ಇವರ ಮೊಪೆಡ್ ಹತ್ತಿ ಬೀದಿಯ ಆ ತುದಿಯಿಂದ ತನ್ನದೇ ಗಾಡಿಗೆ ಎದುರಾಗಿ ಬರಬೇಕು. ಈ ಪರೀಕ್ಷೆಗೆ ಒಪ್ಪದವರ ಗಾಡಿಯನ್ನು ಅವರು ಮುಟ್ಟುವುದಿಲ್ಲ.

ಚಳಿಗಾಲದಲ್ಲಿ ದಿನಕ್ಕೊಂದು ಗಾಡಿ, ಹೆಚ್ಚೆಂದರೆ ಎರಡು. ಹೊನ್ನಾಳಿಯಿಂದ ಹಾಲಿನ ಗಾಡಿ, ನ್ಯಾಮತಿಯಿಂದ ಮೆಕ್ಕೆಜೋಳದ ಗಾಡಿ ಬರುತ್ತವೆ. ಜಗಳೂರಿನವರು ಮಂಜಿಗಲ್ಲ, ಧೂಳಿಗೆಂದು ಹಾಕಿಸುತ್ತಾರೆ. "ಅವರದ್ದು ಕುರಿ ಗಾಡಿ. ಕುರಿ ನಿಂತಲ್ಲಿ ನಿಲ್ತಾವಾ? ಲೋಡೇ ಓಡಾಡ್ತೈತೆ," ಎಂದು ರುಕ್ಸಾನಾ ನಗುತ್ತಾರೆ.

ಈ ಕೆಲಸಕ್ಕೆ ಬಂದ ದಾರಿ ನೇರವಾಗಿರಲಿಲ್ಲ. ಮದುವೆಗೆ ಮುಂಚೆ ತವರಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದರು. ಸುಹೈಲ್ ಅವರಿಗೆ ಚನ್ನಗಿರಿಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇತ್ತು. ಸ್ಕೂಟರಿನಿಂದ ಬಿದ್ದು ಅವರ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬೆರಳುಗಳು ಸಣ್ಣ ತಂತಿ ಹಿಡಿಯುವುದನ್ನು ಮರೆತವು. ಅಂಗಡಿ ಮುಚ್ಚಿ, ಸಾಮಾನು ಗೋಣಿಚೀಲದಲ್ಲಿ ಮನೆಗೆ ಬಂತು. ಎಷ್ಟೋ ದಿನ ಆ ಚೀಲವನ್ನು ಯಾರೂ ಬಿಚ್ಚಲಿಲ್ಲ. ಒಂದು ದಿನ ರುಕ್ಸಾನಾ ಬಿಚ್ಚಿದರು.

"ಇವರು ಬಾಯಲ್ಲಿ ಹೇಳೋರು, ನಾನು ಕೈಯಲ್ಲಿ ಮಾಡ್ತಿದ್ದೆ. ಆಮೇಲಾಮೇಲೆ ಇವರು ಹೇಳೋದ್ರೊಳಗೆ ಮಾಡಿ ಮುಗಿಸ್ತಿದ್ದೆ. ಅದಕ್ಕೆ ಸಿಟ್ಟು ಬರೋದು ಇವರಿಗೆ."

"ಈಗ್ಲೂ ಬರ್ತೈತೆ," ಎನ್ನುತ್ತಾರೆ ಸುಹೈಲ್.

ಹೆಂಗಸು ಗಾಡಿಯ ಅಡಿಯಲ್ಲಿ ಮಲಗುವುದೇ ಎಂದು ಬೀದಿ ಆಡಿಕೊಂಡಿತು. ಅತ್ತೆ ರಹಮತ್‌ಬೀ ಬೀದಿಗೆ ಉತ್ತರ ಕೊಡಲಿಲ್ಲ. ನೆಲ ತಣ್ಣಗಿರುತ್ತದೆಂದು ಸೊಸೆಗೆ ಕೌದಿ ಹೊಲಿದು ಕೊಟ್ಟರು. ಮೊದಮೊದಲು ಬಂದ ಡ್ರೈವರುಗಳು ಬೋಲ್ಟು ಬಿಗಿಯುತ್ತಿದ್ದ ರುಕ್ಸಾನಾರನ್ನೇ ನೋಡುತ್ತಾ, ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರಂತೆ.

"ಒಳಗೆ ಚಾ ಕಾಸ್ತಿದಾರೆ, ಕೂತ್ಕೊಳ್ರಿ ಅಂತಿದ್ದೆ. ಚಾ ಬರೋದ್ರೊಳಗೆ ಕೆಲಸ ಮುಗ್ದಿರೋದು."

ಈಗ ಚೀಲಗಳನ್ನು ಹೇರಿದ್ದಾಗಿದೆ. ರುಕ್ಸಾನಾ ಲೈಟಿನ ಹಿಂದಿನ ತಿರುಪನ್ನು ಕಾಲು ಸುತ್ತು ತಿರುಗಿಸುತ್ತಾರೆ. ಹಳದಿ ಬೆಳಕು ಮಂಜಿನ ಹೊಟ್ಟೆಯ ಕೆಳಗೆ ನುಗ್ಗಿ ರಸ್ತೆಗೆ ಒರಗುತ್ತದೆ. ಮಾಲತೇಶ್ ಮೊಪೆಡ್ ಕಡೆ ಹೆಜ್ಜೆ ಹಾಕುತ್ತಾರೆ. ಅಷ್ಟರಲ್ಲಿ ಮಾಲಾ ಅದನ್ನು ಹತ್ತಿಯಾಗಿದೆ.

"ನಿನಗೆ ಬರ್ತೈತೇನೇ ಇದು?"

"ನಾಲೆಗೆ ಇಳಿಸೋವಷ್ಟು ಬರಲ್ಲ ಬಿಡ್ರಿ."

ಮೊಪೆಡ್ ಮಂಜಿನೊಳಗೆ ಹೋಗಿ, ತಿರುಗಿ, ಎದುರಾಗಿ ಬರುತ್ತದೆ. ಮಾಲಾ ಕಣ್ಣು ಕಿರಿದು ಮಾಡುವುದಿಲ್ಲ. ಸುಹೈಲ್ ತಲೆಯಾಡಿಸುತ್ತಾರೆ. ಮಾಲತೇಶ್ ಆಗಲೇ ಚೀಲ ಇಳಿಸಲು ಹಿಂದಿನ ಬಾಗಿಲು ತೆಗೆಯುತ್ತಾರೆ. ಮಾಲಾ ಗಾಡಿಯ ಹಿಂದೆ ಬಂದು ಚೀಲಗಳನ್ನು ನೋಡುತ್ತಾ ನಿಲ್ಲುತ್ತಾರೆ.

"ಅಕ್ಕಾ, ಇವರು ಹಿಂಗೆ ತುಂಬಲ್ಲ."

ಚೀಲಗಳು ಕ್ಯಾಬಿನ್ನಿಗೆ ಒತ್ತಿಕೊಂಡಿವೆ. ಮಾಲತೇಶ್ ಕ್ರೇಟುಗಳನ್ನು ಪೇರಿಸುವುದು ಬಾಗಿಲ ಹತ್ತಿರ, ದಾರಿಯಲ್ಲಿ ಒಂದೆರಡು ಕಡೆ ಇಳಿಸಲು ಸುಲಭವೆಂದು. ಭಾರ ಎಲ್ಲಾ ಬಾಲಕ್ಕೆ.

ರುಕ್ಸಾನಾ ಬಂದು ಚೀಲಗಳನ್ನು ನೋಡುತ್ತಾರೆ. "ಕೇಳಬೇಕಿತ್ತು ನಾನು," ಎನ್ನುತ್ತಾರೆ, ತಮಗೇ ಎಂಬಂತೆ. ಆಮೇಲೆ ಮಾಲತೇಶರತ್ತ ತಿರುಗಿ, "ದಿನಾ ಹೆಂಗೆ ತುಂಬ್ತೀರೋ ಹಂಗೇ ತುಂಬ್ರಿ."

"ಈಗೇನು, ಇನ್ಮೇಲೆ ಮುಂದಕ್ಕೇ ತುಂಬ್ತೀನಿ ಬಿಡಕ್ಕ."

"ನಾಲ್ಕು ದಿನ ತುಂಬ್ತೀರಿ. ಐದನೇ ದಿನ ಹೊತ್ತಾಗಿರ್ತೈತೆ, ಕೈ ಹಳೇದನ್ನೇ ಮಾಡ್ತೈತೆ. ಎಳೀರಿ ಹಿಂದಕ್ಕೆ."

ಚೀಲಗಳು ಹಿಂದಕ್ಕೆ ಸರಿಯುತ್ತವೆ. ಗಾಡಿಯ ಮೂತಿ ಏಳುತ್ತದೆ, ಅದರೊಂದಿಗೆ ಬೆಳಕೂ. ಮಾಲಾ ಎರಡನೇ ಸಲ ಬರುವಾಗ ಕೈ ಅಡ್ಡ ಹಿಡಿದು ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ. ರುಕ್ಸಾನಾ ಮತ್ತೆ ಕೌದಿಗೆ ಬೆನ್ನು ಕೊಡುತ್ತಾರೆ. ಎಡ ಲೈಟಿನ ಮುಖ ಇಳಿಯುತ್ತದೆ, ಬಲದ್ದು ಅದಕ್ಕಿಂತ ತುಸು ಹೆಚ್ಚು, ಎದುರಿನವರು ಬರುವುದು ಆ ಕಡೆಯಿಂದ. ಖಾಲಿ ಇದ್ದಾಗ ಬೆಳಕು ತೀರಾ ಹತ್ತಿರ ಬೀಳುತ್ತದಲ್ಲ ಎಂದು ಮಾಲತೇಶ್ ಗೊಣಗುತ್ತಾರೆ.

"ಬೀಳ್ಲಿ. ಆವಾಗ ನಿಧಾನ ಹೋಗ್ರಿ. ಖಾಲಿ ಗಾಡಿಗೆ ಏನು ಅವಸರ?"

ಮೂರನೇ ಸಲ ಮೊಪೆಡ್ ಬರುತ್ತದೆ. ಬೆಳಕು ಮಾಲಾ ಅವರ ಮೊಣಕಾಲಿನವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಅವರು ವೇಗ ತಗ್ಗಿಸುವುದಿಲ್ಲ, ನಿಲ್ಲುವುದೂ ಇಲ್ಲ. ಗಾಡಿಯನ್ನು ದಾಟಿ, ಅಂಗಳ ದಾಟಿ, ಬೀದಿಯ ಆ ತಿರುವಿನವರೆಗೆ ಹೋಗಿ ಸಾವಕಾಶ ವಾಪಸು ಬರುತ್ತಾರೆ.

"ನಾಳೆ ಬೆಳಗ್ಗೆ ಬರ್ತೀವಿ ಅಂತ ತೋಟದೋರಿಗೆ ಫೋನ್ ಮಾಡ್ರಿ," ಎನ್ನುತ್ತಾರೆ ಗಂಡನಿಗೆ.

ಮಾಲತೇಶ್ ಮೊಬೈಲು ಹಿಡಿದು ಗೋಡೆ ಪಕ್ಕಕ್ಕೆ ಹೋಗುತ್ತಾರೆ. ಸುಹೈಲ್ ಚಹಾ ತರುತ್ತಾರೆ. ರುಕ್ಸಾನಾ ಬೆರಳಿನ ಗ್ರೀಸು ಒರೆಸಿಕೊಂಡು ಲೋಟ ಹಿಡಿಯುತ್ತಾರೆ. ಇಷ್ಟು ಗಾಡಿಗಳಿಗೆ ಲೈಟು ಹಾಕಿದ್ದೀರಿ, ರಸ್ತೆಯಲ್ಲಿ ಯಾರಾದರೂ ನೋಡಿ ಹೊಗಳಿದ್ದಿದೆಯೇ ಎಂದು ಕೇಳಿದರೆ ಒಂದು ಗುಟುಕು ಕುಡಿದು ನಗುತ್ತಾರೆ.

"ಎದುರಿಗೆ ಬಂದೋರು ಇಲ್ಲಿತಂಕ ಯಾರೂ ಏನೂ ಅಂದಿಲ್ಲ ರೀ. ಅವರ ಕಣ್ಣಿಗೆ ಲೈಟು ಹೊಡೆದೇ ಇಲ್ಲ ಅಂತ ಕಾಣ್ತೈತೆ. ನಂಗೆ ಅಷ್ಟು ಸಾಕು."