ಅಕ್ಕ ಓದಿದ ಹಾಗೆ ನಾನು ಓದಲಿಲ್ಲ

ಆ ಕಾದಂಬರಿಯನ್ನು ಅಕ್ಕನಿಗೆ ಕೊಟ್ಟವಳು ನಾನೇ. ಅದರ ಹೆಸರನ್ನಾಗಲಿ, ಬರೆದವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಲ್ಕು ಜನ ಫೋನ್ ಮಾಡಿ, ‘ಎಂಥ ಪುಸ್ತಕ ರೀ ಅದು, ನನ್ನ ಬದುಕನ್ನೇ ಬದಲಿಸಿತು’ ಎನ್ನುತ್ತಾರೆ. ಆ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದವಳು.

ನಾನು ಗಡಿಯಾಚೆ, ಮಹಾರಾಷ್ಟ್ರದ ಗಡಹಿಂಗ್ಲಜದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಾವು ಮೂವರು ಮಕ್ಕಳು. ದೊಡ್ಡವಳು ಅಕ್ಕ, ನಡುವೆ ಅಣ್ಣ, ಕೊನೆಗೆ ನಾನು. ಅಕ್ಕನನ್ನು ಏಳನೆಯ ಇಯತ್ತೆಗೇ ಶಾಲೆ ಬಿಡಿಸಿ, ವಯಸ್ಸಿಗೆ ಬಂದ ಮೇಲೆ ಇಚಲಕರಂಜಿಗೆ ಕೊಟ್ಟರು. ಅವಳ ಮನೆಯ ಹಿಂದೆಯೇ ಪಾವರ್‌ಲೂಮಿನ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ಆಕೆ ನೂಲು ಸುತ್ತುವ ಯಂತ್ರದ ಮುಂದೆ ನಿಂತಿರುತ್ತಾಳೆ. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದಷ್ಟು ಸದ್ದು. ಕರೆಂಟು ಹೋದಾಗ ಮಾತ್ರ ಓಣಿಗೆ ಓಣಿಯೇ ತಟ್ಟನೆ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ, ಕೈಗೆ ಅಂಟಿದ ಹತ್ತಿಯ ಎಳೆ ಒರೆಸಿಕೊಂಡು, ಹೊಸ್ತಿಲ ಮೇಲೆ ಕುಳಿತು ಅಕ್ಕ ಆ ಕಾದಂಬರಿಯನ್ನು ಓದಿದಳು. ಒಮ್ಮೆಯಲ್ಲ, ಮೂರು ಸಲ.

ಕತೆ ದೊಡ್ಡದೇನಲ್ಲ. ಗಂಡನನ್ನು ಬಿಟ್ಟು ತವರಿಗೆ ಬಂದ ಮಗಳೊಬ್ಬಳು ಆ ದೊಡ್ಡ ಮನೆಯ ಅಡುಗೆಯಲ್ಲೇ ಮೂವತ್ತು ವರ್ಷ ಕಳೆಯುತ್ತಾಳೆ. ಉಂಡೆಯಾ ಎಂದು ಆಕೆಯನ್ನು ಯಾರೂ ಕೇಳಿರುವುದಿಲ್ಲ. ಒಂದು ಮದುವೆಯ ದಿನ ಬಡಿಸುತ್ತ ಬಡಿಸುತ್ತ ಪಾತ್ರೆ ಕೆಳಗಿಟ್ಟು, ಗಂಡಸರ ಮೊದಲ ಪಂಕ್ತಿಯ ನಡುವೆ ಎಲೆ ಹಾಕಿಕೊಂಡು ಕುಳಿತು, ಹೊಟ್ಟೆ ತುಂಬ ಉಂಡು, ಕೈ ತೊಳೆದುಕೊಂಡು ಎದ್ದು ಹೋಗುತ್ತಾಳೆ.

ಕ್ಲಾಸಿನಲ್ಲಿ ಆ ಪ್ರಸಂಗವನ್ನು ನಾನು ‘ಪ್ರತಿರೋಧದ ರೂಪಕ’ ಎಂದು ಪಾಠ ಮಾಡುತ್ತಿದ್ದೆ. ಕೊಲ್ಹಾಪುರದಲ್ಲಿ ಕನ್ನಡದವರೆಲ್ಲ ಸೇರಿ ನಡೆಸಿದ ಕಾರ್ಯಕ್ರಮದಲ್ಲಿ ಅದರ ಮೇಲೆ ಮುಕ್ಕಾಲು ಗಂಟೆ ಮಾತಾಡಿ ಶಾಲು ಹೊದಿಸಿಕೊಂಡು ಬಂದಿದ್ದೆ. ಅಕ್ಕ ಫೋನ್ ಮಾಡಿದಾಗ ಆ ಗುಂಗು ಇನ್ನೂ ಇಳಿದಿರಲಿಲ್ಲ.

“ತಂಗಿ, ಆಕಿ ಕುಂತಳಲ್ಲ ಗಂಡಸರ ನಡುವ! ಯಾರನೂ ಕೇಳಲಿಲ್ಲ. ಭಾಳ ಛಲೋ ಬರದಾರ.”

“ಹೌದಕ್ಕಾ. ಅದೊಂದು ರೂಪಕ.”

“ರೂಪಕ ಗೀಪಕ ನಂಗೇನು ಗೊತ್ತು? ಆಕಿಗಿ ಹಸಿವಾಗಿತ್ತು.”

ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗ ನನ್ನ ಮೇಲೆಯೇ ಕೋಪ ಬರುತ್ತದೆ.

ಮರುವರ್ಷ ಅಪ್ಪ ತೀರಿಕೊಂಡರು. ಮಹಾಗಾಂವದ ಹತ್ತಿರದ ನಮ್ಮ ಹೊಲದ ಸಾತಬಾರಾ ಪತ್ರದಲ್ಲಿ, ಅಂದರೆ ಪಹಣಿಯಲ್ಲಿ, ಅವ್ವನ ಜೊತೆ ಮೂವರು ಮಕ್ಕಳ ಹೆಸರೂ ಬಂತು. ಆ ಮೇಲೆ ಏನಾಗುತ್ತದೆ ಎಂಬುದು ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಹಕ್ಕಸೋಡ ಪತ್ರ ಎಂಬ ಕಾಗದ ಬರುತ್ತದೆ. ನಮ್ಮ ಪಾಲು ನಮಗೆ ಬೇಡ, ಎಲ್ಲ ತಮ್ಮನಿಗೋ ಅಣ್ಣನಿಗೋ ಇರಲಿ ಎಂದು ಅದರ ಮೇಲೆ ಸಹಿ ಮಾಡುವುದು. ಇದಕ್ಕೆ ಪ್ರೀತಿ ಎಂದು ಹೆಸರು. ಮಾಡದಿದ್ದರೆ ತವರು ಮುಗಿಯಿತು.

ಅಣ್ಣ ಇಬ್ಬರಿಗೂ ಫೋನ್ ಮಾಡಿದ. “ಸೋಮವಾರ ಬಂದು ಹೋಗ್ರಿ. ಬರೇ ಒಂದು ಸಹಿ. ಇಬ್ಬರಿಗೂ ಸೀರಿ ತಂದೀನಿ.”

ಗಡಹಿಂಗ್ಲಜದ ರಜಿಸ್ಟ್ರಿ ಕಚೇರಿಯ ಹೊರಗೆ ಪತ್ರ ಬರೆಯುವವರ ಮೇಜಿನ ಸುತ್ತ ನಾವೆಲ್ಲ ಸೇರಿದೆವು. ವೈನಿ, ಅಂದರೆ ಅಣ್ಣನ ಹೆಂಡತಿ, ಪೇಡೆಯ ಡಬ್ಬಿ ಹಿಡಿದು ನಿಂತಿದ್ದಳು. ‘ಕಲಿತವಳು ಮೊದಲು’ ಎಂದು ಅಣ್ಣ ನನ್ನನ್ನು ಮುಂದೆ ಮಾಡಿದ. ಪರ್ಸಿನಿಂದ ನನ್ನದೇ ಪೆನ್ನು ತೆಗೆದೆ. ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ಮರಾಠಿ ನನಗೆ ಚೆನ್ನಾಗಿಯೇ ಓದಲು ಬರುತ್ತದೆ. ಒಂದು ಸಾಲನ್ನೂ ಓದಲಿಲ್ಲ.

ಅಕ್ಕ ಬಾಕಿನ ಮೇಲೆ ಕುಳಿತಿದ್ದಳು. ಕರೆದರೆ ಏಳಲಿಲ್ಲ. “ಕಾಗದದಾಗ ಏನೈತ್ರಿ? ಓದಿ ಹೇಳ್ರಿ” ಎಂದು ಪತ್ರ ಬರೆಯುವವರನ್ನು ಕೇಳಿದಳು. ಅವರು ಅಣ್ಣನ ಮುಖ ನೋಡಿದರು.

“ಓದೂದೇನೈತಿ ಅಕ್ಕಾ? ಎಲ್ಲಾರೂ ಮಾಡೂದೇ” ಎಂದ ಅಣ್ಣ.

“ಓದಲಿ ತಮ್ಮಾ. ನಂಗೇನು ಗಡಿಬಿಡಿ ಇಲ್ಲ.”

ಅವರು ಓದಿದರು. ‘ಸ್ವಖುಷಿಯಿಂದ’ ಎಂಬ ಮಾತು ಬಂದಾಗ ಅಕ್ಕ ಕೈ ಎತ್ತಿ ತಡೆದಳು.

“ನಂಗ ಖುಷಿ ಇಲ್ಲ. ಅಪ್ಪ ನನಗೂ ಅಪ್ಪನೇ. ನಾ ಸಹಿ ಮಾಡೂದಿಲ್ಲ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅಣ್ಣ “ಇಕಿ ತಲ್ಯಾಗ ಯಾರು ತುಂಬ್ಯಾರ ಇದನ್ನ?” ಎಂದು ಚೀರಿದ.

ವೈನಿ ಮೆಲ್ಲಗೆ ಹೇಳಿದಳು: “ಅದೇನೋ ಪುಸ್ತಕ ಓದಿದಾಗಿಂದ ಹಿಂಗ ಆಗ್ಯಾರ ನೋಡ್ರಿ. ಬಂದಾಗೆಲ್ಲ ಅದರದೇ ಮಾತು.”

ಅಣ್ಣ ನನ್ನ ಕಡೆ ತಿರುಗಿದ. “ನೀನೇ ಕೊಟ್ಟೀಯಲ್ಲ ಅದನ್ನ?”

ಅಕ್ಕನೂ ನನ್ನನ್ನೇ ನೋಡುತ್ತಿದ್ದಳು. ನಾನು ಅಂದೆ: “ನಾ ಹಂಗ ಓದಾಕ ಕೊಟ್ಟಿದ್ದಿಲ್ಲಣ್ಣಾ.”

ಈ ಮಾತನ್ನು ನಾನು ಹೇಳಿದೆ. ಇಪ್ಪತ್ತು ವರ್ಷ ಸಾಹಿತ್ಯ ಕಲಿಸಿದವಳು, ಪುಸ್ತಕ ಮನುಷ್ಯರನ್ನು ಎಬ್ಬಿಸಬೇಕು ಎಂದು ಮೈಕಿನ ಮುಂದೆ ಹೇಳಿದವಳು ಹೇಳಿದೆ. ಹಾಗಾದರೆ ಹೇಗೆ ಓದಲು ಕೊಟ್ಟಿದ್ದೆ? ಕಣ್ಣೀರು ಹಾಕಿ, ಮುಚ್ಚಿ, ಕಪಾಟಿನಲ್ಲಿಡಲಿ ಎಂದೇ? ಅಣ್ಣನಿಗೆ ದುರಾಸೆ, ಅದು ಎಲ್ಲರಿಗೂ ಕಾಣುತ್ತದೆ. ನನ್ನ ಹೇಡಿತನಕ್ಕೆ ಒಳ್ಳೆಯ ಭಾಷೆ ಇತ್ತು, ಶಾಲಿತ್ತು, ಚಪ್ಪಾಳೆ ಇತ್ತು.

ಅಕ್ಕ ಒಬ್ಬಳೇ ನಡೆದು ಹೋಗಿ ಬಸ್ಸು ಹತ್ತಿದಳು. ಅಂದಿನಿಂದ ಆಕೆಗೆ ತವರಿನ ಬಾಗಿಲು ಮುಚ್ಚಿತು. ಅಣ್ಣನ ಮಗಳ ಮದುವೆಗೆ ಆಕೆಯನ್ನು ಕರೆಯಲಿಲ್ಲ. ನಾನು ಹೋದೆ, ಅವನು ಕೊಡಿಸಿದ ಸೀರೆಯನ್ನೇ ಉಟ್ಟು ಹೋದೆ. ಊಟಕ್ಕೆ ಕೂತಾಗ ಬೀಗರ ಮುಂದೆ ಅಣ್ಣ, “ನಮ್ಮ ಅಕ್ಕ ಪುಸ್ತಕ ಓದಿ ಕೆಟ್ಟಾಳ್ರಿ” ಎಂದು ನಗೆಯಾಡಿದ. ಎಲ್ಲರೂ ನಕ್ಕರು. ನಾನು ಇನ್ನೊಂದು ಜಿಲೇಬಿ ಬಾಯಿಗೆ ಇಟ್ಟುಕೊಂಡೆ.

ಅಕ್ಕ ಕೋರ್ಟಿಗೆ ಹೋದಳು. ಭಾವನಿಗೆ ಮೊದಮೊದಲು ಮನಸ್ಸಿರಲಿಲ್ಲ. ಆಮೇಲೆ ತಾರೀಖಿನ ದಿನ ತಾನೇ ಜೊತೆಗೆ ಬರತೊಡಗಿದ. ಮೂರನೆಯ ವರ್ಷ ಅಣ್ಣ ಬೇಸತ್ತು ರಾಜಿಗೆ ಬಂದ. ಹಳ್ಳದ ದಂಡೆಯ ಪಟ್ಟಿ ಅಕ್ಕನ ಹೆಸರಿಗಾಯಿತು. ಅದೇ ವರ್ಷ ರಸ್ತೆಯ ಬದಿಯ ತುಂಡನ್ನು ಅಣ್ಣ ಪೆಟ್ರೋಲ್ ಪಂಪಿಗೆ ಮಾರಿದ. ನನಗೆ ಯಾರೂ ತಿಳಿಸಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಜೆಸಿಬಿ ನಮ್ಮ ಬೇವಿನ ಮರ ಕೀಳುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ.

ಆಗ ನನಗೂ ಸಿಟ್ಟು ಬಂತು, ಅಷ್ಟು ತಡವಾಗಿ. ಕೊಲ್ಹಾಪುರಕ್ಕೆ ಹೋಗಿ ವಕೀಲೆಯೊಬ್ಬರನ್ನು ಕಂಡೆ. ಬೆಳಗಾವಿ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ಕಾಗದ ಪೂರ್ತಿ ಓದಿ ಕನ್ನಡಕ ತೆಗೆದರು.

“ಏನು ಕೆಲಸ ಮಾಡ್ತೀರಿ?”

“ಕಾಲೇಜಿನ್ಯಾಗ ಸಾಹಿತ್ಯ ಕಲಸ್ತೀನ್ರಿ.”

“ಹಂಗಾರ ಓದದೇ ಸಹಿ ಮಾಡೀನಿ ಅಂತ ಜಡ್ಜ್ ಮುಂದ ಹೆಂಗ ಹೇಳ್ತೀರಿ?”

ಕಾಗದ ಮಡಿಸಿ ಪರ್ಸಿಗೆ ಹಾಕಿಕೊಂಡು ಎದ್ದೆ.

ಆ ವಾರವೇ ಅಕ್ಕನ ಹೊಲಕ್ಕೆ ಹೋದೆ. ರಜೆಯ ದಿನ ಇಚಲಕರಂಜಿಯಿಂದ ಬಸ್ಸಿನಲ್ಲಿ ಬಂದು ಆಕೆ ಮೆಣಸಿನಕಾಯಿ ಬಿಡಿಸುತ್ತಿದ್ದಳು. ತಲೆಗೆ ಟವೆಲ್ಲು ಸುತ್ತಿದ್ದಳು. ಘಾಟಿಗೆ ನನಗೆ ಸೀನು ಬಂತು. ವಕೀಲೆ ಹೇಳಿದ್ದನ್ನೆಲ್ಲ ಹೇಳಿದೆ, ಕಚೇರಿಯ ಮುಂದೆ ನಾನಾಡಿದ ಮಾತಿಗೆ ತಪ್ಪಾಯಿತು ಎಂದೂ ಹೇಳಿದೆ. ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ.

“ಅವತ್ತು ತಮ್ಮನ ಮ್ಯಾಲ ನಂಗ ಸಿಟ್ಟ ಬಂದಿದ್ದಿಲ್ಲ. ಅಂವ ಹಂಗೇ ಅಂತ ಗೊತ್ತಿತ್ತು. ನಿನ್ನ ಮ್ಯಾಲ ಬಂದಿತ್ತು. ಇನ್ನೂ ಐತಿ.”

ಬುಟ್ಟಿಯ ಇನ್ನೊಂದು ಹಿಡಿ ಹಿಡಿದೆ. ಇಬ್ಬರೂ ಸೇರಿ ಅದನ್ನು ಬದುವಿಗೆ ಒಯ್ದೆವು. ಅಲ್ಲಿ ಅಕ್ಕ ಬೆವರು ಒರೆಸಿಕೊಂಡು ಹೇಳಿದಳು: “ಬ್ಯಾರೆ ಪುಸ್ತಕ ಇದ್ರ ಕಳಸು. ಆದ್ರ ಈ ಸಲ ಮೊದಲ ನೀ ಓದು.”

ಎರಡು ದಿನ ಆಕೆಯ ಮೇಲೆ ಕುದಿದೆ. ಏಳನೆಯ ಇಯತ್ತೆ ಕಲಿತವಳು ನನಗೆ ಓದಲು ಹೇಳುತ್ತಾಳೆ ಎಂದು ಗೊಣಗಿದೆ. ಮೂರನೆಯ ದಿನ ಕಪಾಟಿನ ಮುಂದೆ ನಿಂತು ಒಂದೊಂದಾಗಿ ಹೊರಗೆ ತೆಗೆದೆ. ಎಷ್ಟರ ಮೇಲೆ ಭಾಷಣ ಮಾಡಿದ್ದೇನೆ, ಎಷ್ಟಕ್ಕೆ ಮುನ್ನುಡಿ ಬರೆದಿದ್ದೇನೆ! ಇನ್ನೂ ಒಂದನ್ನೂ ಕಳಿಸಿಲ್ಲ.